ಬೇರಿನ ಗಂಟಿನಲ್ಲಿ ಗೊಬ್ಬರದ ಕಾರ್ಖಾನೆ

ತೊಗರಿ, ಕಡಲೆ, ಶೇಂಗಾ ಮೊದಲಾದ ಪೈರುಗಳ ಬಿತ್ತನೆಯ ಕಾಲದಲ್ಲಿ ಕಪ್ಪು ಪುಡಿ ತುಂಬಿದ ಸಣ್ಣ ಪೊಟ್ಟಣವೊಂದನ್ನು ರೈತರು ಕೊಂಡುತರುವುದುಂಟು. ಅದಕ್ಕೆ ಜೈವಿಕ ಗೊಬ್ಬರವೆಂದು ಹೆಸರು. ಕೆಲವರ ಹೊಲದಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ. ಮತ್ತೆ ಕೆಲವರು, "ಪುಡಿ ಹಚ್ಚಿಯೇ ಬಿತ್ತಿದೆವು, ಏನೂ ಆಗಲಿಲ್ಲ" ಎಂದು ನಿರಾಶರಾಗುತ್ತಾರೆ. ಹೀಗಾಗಲು ಕಾರಣವೇನು? ಆ ಪೊಟ್ಟಣದಲ್ಲಿರುವುದು ಗೊಬ್ಬರವನ್ನು ತಯಾರಿಸಬಲ್ಲ ಜೀವಿಗಳೇ ಹೊರತು ಸಿದ್ಧವಾದ ಗೊಬ್ಬರವಲ್ಲ. ಇದನ್ನು ಮನಗಂಡರೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ಪೈರಿಗೆ ಸಾರಜನಕವು ಅತ್ಯವಶ್ಯ. ಎಲೆಯ ಹಸಿರಾಗಲಿ ಕಾಳಿನ ಪ್ರೋಟೀನಾಗಲಿ ಅದಿಲ್ಲದೆ ಆಗದು. ಗಾಳಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ನಾವೊಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರು ನೆಲದ ಮೇಲೆ ನಿಂತಿರುವ ಗಾಳಿಯ ತೂಕ ಸುಮಾರು 10 ಟನ್. ಒಂದು ಎಕರೆಯೆಂದರೆ ಸುಮಾರು 4,000 ಚದರ ಮೀಟರು. ಗಾಳಿಯ ತೂಕದಲ್ಲಿ ಮುಕ್ಕಾಲು ಪಾಲು ಸಾರಜನಕವೇ. ಎಂದ ಮೇಲೆ ಎಕರೆ ಹೊಲದ ನೆತ್ತಿಯ ಮೇಲೆ ಹತ್ತಿರ ಹತ್ತಿರ 30,000 ಟನ್ ಸಾರಜನಕವಿದೆಯೆಂದಾಯಿತು! ಆದರೂ ಪೈರು, ಬೀಗ ಹಾಕಿದ ಕಣಜದ ಮುಂದೆ ಕುಳಿತ ಹಸಿದವನಂತೆ, ಸೊರಗುತ್ತದೆ.

ಈ ಬೀಗ ಯಾವುದು? ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಇಷ್ಟು ಬಲವಾದ ಕಟ್ಟು ನಿಸರ್ಗದಲ್ಲಿ ಅಪರೂಪ. ಇದನ್ನು ಬಿಡಿಸಿ, ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನಾಗಿಸುವ ಕ್ರಮವನ್ನು ಜರ್ಮನಿಯ ಫ್ರಿಟ್ಸ್ ಹಾಬರನು 1909ರಲ್ಲಿ ತೋರಿಸಿಕೊಟ್ಟನು. 1913ರಲ್ಲಿ ಅದರ ಮೊದಲ ಕಾರ್ಖಾನೆ ಓಪ್ಪೌ ಎಂಬಲ್ಲಿ ಆರಂಭವಾಯಿತು. ಇಂದಿನ ಯೂರಿಯವೂ ಇದೇ ಅಮೋನಿಯದಿಂದ ಆದುದು. ಆದರೆ ಈ ಕೆಲಸಕ್ಕೆ 400ರಿಂದ 500 ಡಿಗ್ರಿ ಸೆಂಟಿಗ್ರೇಡಿನ ಶಾಖ ಬೇಕು. ವಾಯುಮಂಡಲದ ಒತ್ತಡದ ನೂರಾರು ಮಡಿ ಒತ್ತಡವೂ ಬೇಕು.

ಇದೇ ಬೀಗವನ್ನು ಮಣ್ಣಿನ ತಂಪಿನಲ್ಲಿ, ಸದ್ದಿಲ್ಲದೆ ತೆರೆಯುವ ಅಣುಜೀವಿಗಳಿವೆ. ಅವುಗಳಲ್ಲಿ ರೈಝೋಬಿಯಂ ವರ್ಗವು ಪ್ರಸಿದ್ಧವಾದುದು. ಶುದ್ಧೀಕರಿಸಿದ ಮರಳಿನಲ್ಲಿ ಸಾರಜನಕವಿಲ್ಲದೆ ಸೊರಗುವ ಬಟಾಣಿ ಗಿಡವು, ತುಸು ಹೊಲದ ಮಣ್ಣಿನ ಸಾರವನ್ನು ಬೆರೆಸಿದೊಡನೆ ಬೇರಿನಲ್ಲಿ ಗಂಟುಕಟ್ಟಿ ಚೇತರಿಸಿಕೊಳ್ಳುವುದೆಂದು ಜರ್ಮನಿಯ ಹೆಲ್‌ರೀಗೆಲನು 1886ರಲ್ಲಿ ಪ್ರಕಟಪಡಿಸಿದನು. ಆ ಗಂಟಿನ ಜೀವಿಯನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವನು ಹಾಲೆಂಡಿನ ಬೈಯರಿಂಕ್.

ಗಿಡಕ್ಕೂ ಜೀವಿಗೂ ಇರುವ ಸಂಬಂಧ ಕೊಡುಕೊಳ್ಳುವಿಕೆಯದು. ಗಿಡವು ಬಿಸಿಲಿನಿಂದ ಗಳಿಸಿದ ಸಕ್ಕರೆಯನ್ನು ಒದಗಿಸುತ್ತದೆ. ಜೀವಿಯು ಅಮೋನಿಯವನ್ನು ಹಿಂದಿರುಗಿಸುತ್ತದೆ. ಬೀಗವು ಬಿಟ್ಟಿಯಾಗಿ ತೆರೆಯುವುದಿಲ್ಲವೆಂಬುದನ್ನು ಗಮನಿಸಬೇಕು. ಸಾರಜನಕದ ಒಂದು ಅಣುವನ್ನು ಮಾರ್ಪಡಿಸಲು ಜೀವಕೋಶದ ಶಕ್ತಿಯ ನಾಣ್ಯವೆನ್ನಬಹುದಾದ ಎಟಿಪಿ ಅಣುಗಳು ಕನಿಷ್ಠ 16 ವೆಚ್ಚವಾಗುತ್ತವೆ. ಇನ್ನೊಂದು ತೊಡಕೂ ಉಂಟು. ಈ ಕೆಲಸ ಮಾಡುವ ಕಿಣ್ವವು ಆಮ್ಲಜನಕ ಸೋಕಿದರೆ ಕೆಡುತ್ತದೆ; ಆದರೆ ಜೀವಿಗೆ ಉಸಿರಾಟಕ್ಕೆ ಆಮ್ಲಜನಕ ಬೇಕೇ ಬೇಕು. ಇದಕ್ಕಾಗಿ ಗಂಟಿನಲ್ಲಿ, ನಮ್ಮ ರಕ್ತದ ಹೀಮೊಗ್ಲೋಬಿನ್ನಿಗೆ ಬಂಧುವಾದ ಕೆಂಪು ದ್ರವ್ಯವೊಂದು ಇದ್ದು, ಆಮ್ಲಜನಕವನ್ನು ಹಿಡಿತದಲ್ಲಿಟ್ಟು ಅಳೆದು ಕೊಡುತ್ತದೆ.

ಈಗ ಪೊಟ್ಟಣದ ವಿಷಯಕ್ಕೆ ಬರೋಣ. ಜೈವಿಕ ಗೊಬ್ಬರಗಳನ್ನು ಭಾರತ ಸರ್ಕಾರವು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯೊಳಗೆ ತಂದಿತು. ಆ ನಿಯಮದ ಪ್ರಕಾರ ಪುಡಿಯ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ ಸಜೀವ ಕೋಶಗಳಿರಬೇಕು. ‘ಸಜೀವ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಯೂರಿಯದ ಚೀಲವನ್ನು ಕಾದ ತಗಡಿನ ಸೂರಿನ ಕೆಳಗಿಟ್ಟರೂ ಅದು ಯೂರಿಯವಾಗಿಯೇ ಉಳಿಯುತ್ತದೆ. ಅದರ ಪಕ್ಕದಲ್ಲಿಟ್ಟ ಪೊಟ್ಟಣದ ಜೀವಿಗಳು ಸೆಕೆಗೆ ಸಾಯುತ್ತವೆ. ಅವಧಿ ಮೀರಿದ ಪೊಟ್ಟಣದ ಗತಿಯೂ ಅಷ್ಟೆ. ಸತ್ತ ಪುಡಿಗೂ ಜೀವಂತ ಪುಡಿಗೂ ಬಣ್ಣದಲ್ಲಿ ಭೇದವಿಲ್ಲದಿರುವುದರಿಂದ ಮೋಸಹೋಗುವುದು ಸುಲಭ.

ಆದುದರಿಂದ ಕೆಲವು ಎಚ್ಚರಿಕೆಗಳು ಅವಶ್ಯ. ಪೊಟ್ಟಣವನ್ನು ತಂಪಾದ ನೆರಳಿನಲ್ಲಿಡಬೇಕು. ಬೀಜಕ್ಕೆ ಪುಡಿ ಅಂಟಲೆಂದು ಬಳಸುವ ಬೆಲ್ಲದ ನೀರನ್ನು ಕಾಯಿಸಿದರೆ, ಅದು ಪೂರ್ತಿ ಆರಿದ ಮೇಲೆಯೇ ಪುಡಿ ಬೆರೆಸಬೇಕು. ಹಚ್ಚಿದ ಬೀಜವನ್ನು ಬಿಸಿಲಿಗೆ ಹರಡದೆ ನೆರಳಿನಲ್ಲಿ ಆರಿಸಿ ಬೇಗನೆ ಬಿತ್ತಬೇಕು. ಪೈರಿಗೆ ತಕ್ಕ ಪೊಟ್ಟಣವನ್ನೇ ಆರಿಸಬೇಕು. ಸೋಯಾ ಅವರೆಗೆ ಒಗ್ಗುವ ಜೀವಿಯು ಕಡಲೆಯ ಬೇರಿಗೆ ಒಗ್ಗದು. ಬೀಜಕ್ಕೆ ರೋಗನಾಶಕ ವಿಷವನ್ನೂ ಹಚ್ಚುವುದಾದರೆ ಎರಡಕ್ಕೂ ಹೊಂದುವುದೇ ಎಂದು ಮೊದಲೇ ವಿಚಾರಿಸಬೇಕು. ಮಣ್ಣಿಗೆ ಯೂರಿಯವನ್ನು ಧಾರಾಳವಾಗಿ ಹಾಕಿದರೆ, ಗಿಡವು ಸಕ್ಕರೆ ವೆಚ್ಚಮಾಡಿ ಗಂಟು ಸಾಕುವ ಗೋಜಿಗೆ ಹೋಗುವುದಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಎಲ್ಲೆಡೆಯೂ ಒಂದೇ ಫಲವನ್ನು ನಿರೀಕ್ಷಿಸಲಾಗದು. ಬಹುಕಾಲ ಅದೇ ದ್ವಿದಳ ಪೈರನ್ನು ಬೆಳೆದ ಹೊಲದಲ್ಲಿ ಸ್ಥಳೀಯ ಜೀವಿಗಳು ಮೊದಲೇ ಬೀಡುಬಿಟ್ಟಿರಬಹುದು. ಅಲ್ಲಿ ಹೊಸಬರಿಗೆ ಜಾಗ ಸಿಗುವುದು ಕಷ್ಟ. ಆ ಪೈರು ಹೊಸದಾಗಿ ಬಂದ ಹೊಲದಲ್ಲಿ ಪ್ರಯೋಜನ ಹೆಚ್ಚು. ರಾಗಿ, ಜೋಳ, ಭತ್ತಗಳು ಇಂತಹ ಗಂಟನ್ನು ಕಟ್ಟುವುದೇ ಇಲ್ಲ. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ನೆನಪಿಗೆ ಬರುತ್ತದೆ. ಅವುಗಳ ಬೇರು, ಉದುರಿದ ಎಲೆಗಳು ಕೊಳೆತಾಗ ಸಾರಜನಕದ ಒಂದು ಪಾಲು ಮಣ್ಣಿಗೆ ಸೇರುತ್ತದೆ. ಹೆಚ್ಚಿನ ಪಾಲು ಕಾಳಿನೊಡನೆ ಮನೆಗೆ ಬರುವುದೆಂಬುದನ್ನೂ ಮರೆಯಬಾರದು. ರಂಜಕ, ಪೊಟ್ಯಾಶಿಯಮ್ಮುಗಳನ್ನು ರೈಝೋಬಿಯಂ ತಂದುಕೊಡಲಾರದು.

ಪುಡಿ ಕೆಲಸಮಾಡಿತೋ ಇಲ್ಲವೋ ಎಂಬ ಸಂಶಯವಿದ್ದರೆ, ಸುಗ್ಗಿಯವರೆಗೆ ಕಾಯಬೇಕಾಗಿಲ್ಲ. ಪೈರು ಹೂ ಬಿಡುವ ಹೊತ್ತಿಗೆ ಒಂದೆರಡು ಗಿಡಗಳನ್ನು ಕೀಳದೆ, ಮಣ್ಣುಸಹಿತ ಅಗೆದು, ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಬಹುದು. ಒಳಗೆ ಕೆಂಪಾಗಿದ್ದರೆ ಕಾರ್ಖಾನೆ ನಡೆಯುತ್ತಿದೆ. ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ ಅಲ್ಲಿ ಕೆಲಸ ಆರಂಭವಾಗಿಲ್ಲ, ಇಲ್ಲವೆ ನಿಂತುಹೋಗಿದೆ. ಪುಡಿ ಹಚ್ಚದೆ ಬಿಟ್ಟ ಒಂದೆರಡು ಸಾಲುಗಳ ಗಿಡವನ್ನೂ ಹೀಗೆಯೇ ನೋಡಿ ಹೋಲಿಸಿದರೆ, ಮುಂದಿನ ವರ್ಷ ಪೊಟ್ಟಣ ಕೊಳ್ಳಬೇಕೇ ಬೇಡವೇ ಎಂಬುದನ್ನು ರೈತನು ತನ್ನ ಹೊಲದಲ್ಲಿಯೇ ನಿಂತು ನಿರ್ಧರಿಸಬಹುದು.