ಹೊಳೆಯುವ ಅರಿಶಿನ ಒಳ್ಳೆಯದೇ?



ಅರಿಶಿನ ಇಲ್ಲದೆ ನಮ್ಮ ಅಡುಗೆ ಇಲ್ಲ. ಸಂತೆಗೆ ಹೋದರೆ ಚೆನ್ನಾಗಿ ಹೊಳೆಯೋ ಅರಿಶಿನವನ್ನೇ ಆರಿಸ್ತೀವಿ. ಆದರೆ ಕೆಲವು ಕಡೆ ಹೊಳಪಿಗಾಗಿ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸ್ತಾರೆ. ಇದು ಪೇಂಟಿಗೆ ಹಾಕುವ ಬಣ್ಣ. ಇದರಲ್ಲಿ ಸೀಸ ಇದೆ. ಸೀಸ ವಿಷ.

ಸೀಸ ಹೊಟ್ಟೆಗೆ ಹೋದರೆ ಏನಾಗುತ್ತೆ? ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಹೊಸ ರಕ್ತ ಆಗೋದಕ್ಕೆ ಅಡ್ಡಿ ಮಾಡುತ್ತದೆ. ರಕ್ತ ಕಡಿಮೆಯಾಗಿ ಸುಸ್ತು ಬರುತ್ತದೆ. ಸೀಸ ಹೆಚ್ಚಾದರೆ ಹೊಟ್ಟೆನೋವು, ಮಲಬದ್ಧತೆ ಬರುತ್ತವೆ. ಮಕ್ಕಳ ಬುದ್ಧಿ ಬೆಳೆಯೋದಕ್ಕೆ ಅಡ್ಡಿಯಾಗುತ್ತದೆ. ಬಸುರಿಯಿಂದ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಕುದಿಸಿದರೂ ಸೀಸ ಹೋಗೋದಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡೋಣ. ಗಾಜಿನ ಲೋಟದ ನೀರಿಗೆ ಅರಿಶಿನದ ಕೊಂಬು ಹಾಕಿ. ಕೂಡಲೇ ಬಣ್ಣ ಬಿಟ್ಟರೆ ಕಲಬೆರಕೆ ಅಂತ ತಿಳೀರಿ. ಅದನ್ನು ಬಳಸಬೇಡಿ. ಒಳ್ಳೆಯ ಕೊಂಬು ತಂದು ನಾವೇ ಪುಡಿ ಮಾಡಿಸೋಣ.

ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಶಿನ ಪರೀಕ್ಷೆ ಮಾಡಿದರು. ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತು. ಜನರಿಗೆ ತಿಳಿಸಿದರು. ಬೆರೆಸಿದವರಿಗೆ ದಂಡ ಹಾಕಿದರು. 2021ರಲ್ಲಿ ಮತ್ತೆ ಪರೀಕ್ಷಿಸಿದಾಗ ಒಂದರಲ್ಲೂ ಸೀಸ ಸಿಗಲಿಲ್ಲ.

ಕೊಳ್ಳುವವರು ನಾವು. ಬಣ್ಣಕ್ಕೆ ಮರುಳಾಗೋದು ಬೇಡ. ಕೇಳಿ, ನೋಡಿ, ಕೊಳ್ಳೋಣ.