ಕೂಗಿದರೆ ಕೇಳದವರಿಗೆ ಕಾಣುವಂತೆ ಹೇಳೋಣ

ಮುಂಬಯಿಯ ತುಳು-ಕನ್ನಡಿಗರು 2005ರ ಜುಲೈ 26ನ್ನು ಮರೆಯಲಾರರು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದ ಆ ದಿನ ಲೋಕಲ್ ರೈಲುಗಳು ನಿಂತವು, ಹಲವೆಡೆ ವಿದ್ಯುತ್ ಹೋಯಿತು, ಫೋನುಗಳು ಕೈಕೊಟ್ಟವು. ಇಂತಹ ಹೊತ್ತಿನಲ್ಲಿ ಸುದ್ದಿ ಸಾಗುವುದು ಬಾಯಿಂದ ಕಿವಿಗೆ. "ಆ ಕಡೆ ಹೋಗಬೇಡಿ, ನೀರು ಏರುತ್ತಿದೆ" ಎಂಬ ಒಂದು ಕೂಗು ಜೀವ ಉಳಿಸುತ್ತದೆ. ಆದರೆ ಕಿವಿ ಕೇಳದವರಿಗೆ ಆ ಕೂಗು ತಲುಪುವುದು ಹೇಗೆ?

2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಅಧಿಕ. ವಯಸ್ಸಾದಂತೆ ಕಿವಿ ಮಂದವಾಗಿದ್ದರೂ ಅದನ್ನು ಒಪ್ಪಿಕೊಳ್ಳದ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಊರಿನಿಂದ ಬಂದು ಮಗನ ಮನೆಯಲ್ಲಿ ನೆಲೆಸಿರುವ ತಾಯಿಯೊಬ್ಬರನ್ನು ನೆನೆಯಿರಿ. ಮನೆಯವರ ತುಟಿಯ ಚಲನೆ ನೋಡಿ ತುಳುವನ್ನೋ ಕನ್ನಡವನ್ನೋ ಅರ್ಥ ಮಾಡಿಕೊಳ್ಳುತ್ತಾರೆ. ಮಗ, ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಕಟ್ಟಡಕ್ಕೆ ಬೆಂಕಿ ತಗಲಿ, ವಾಚ್‌ಮನ್ ಬಾಗಿಲಿಗೆ ಬಂದು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದರೆ ಅವರಿಗೆ ತುಟಿಯ ಆಸರೆಯೂ ಇಲ್ಲ. 2020ರ ಕೋವಿಡ್ ಕಾಲದಲ್ಲಿ ಮಾಸ್ಕ್ ಈ ಆಸರೆಯನ್ನು ಎಲ್ಲರ ಮುಖದಿಂದಲೂ ಕಸಿದುಕೊಂಡಿತ್ತು.

ಹೇಗೆ ಹೇಳಬೇಕು?

ಕಿರುಚುವುದರಿಂದ ಪ್ರಯೋಜನವಿಲ್ಲ, ಕಿರುಚಿದಾಗ ತುಟಿಯ ಆಕಾರವೇ ಕೆಡುತ್ತದೆ. ಎದುರಿಗೆ ಬನ್ನಿ, ಭುಜ ಮುಟ್ಟಿ ಗಮನ ಸೆಳೆಯಿರಿ. ದೀಪ ಆರಿಸಿ ಬೆಳಗಿಸಿಯೂ ಕರೆಯಬಹುದು, ಆದರೆ ಗ್ಯಾಸ್ ಸೋರಿಕೆಯಾದಾಗ ಸ್ವಿಚ್ ಮುಟ್ಟಲೇಬಾರದು. ಕತ್ತಲಾಗಿದ್ದರೆ ಟಾರ್ಚನ್ನು ಅವರ ಕಣ್ಣಿಗೆ ಹಿಡಿಯದೆ ನಿಮ್ಮ ಮುಖಕ್ಕೂ ಕೈಗಳಿಗೂ ಹಿಡಿದುಕೊಳ್ಳಿ. "ಬೆಂಕಿ. ಮೆಟ್ಟಿಲಲ್ಲಿ ಇಳಿಯಿರಿ. ಲಿಫ್ಟ್ ಬೇಡ" ಎಂದು ಚಿಕ್ಕ ಮಾತುಗಳಲ್ಲಿ ಹೇಳಿ, ಇಲ್ಲವೇ ಬರೆದು ತೋರಿಸಿ. ಅವರು ತಲೆಯಾಡಿಸಿದ ಮಾತ್ರಕ್ಕೆ ಅರ್ಥವಾಯಿತೆಂದು ತಿಳಿಯಬೇಡಿ. ಏನು ಮಾಡಬೇಕೆಂದು ಅವರಿಂದಲೇ ತೋರಿಸಿಕೊಳ್ಳಿ. ಸಂಜ್ಞಾ ಭಾಷೆ ಬಳಸುವವರ ಕೈಗಳನ್ನು ಬಿಗಿಯಾಗಿ ಹಿಡಿದೆಳೆದರೆ ಅವರ ಮಾತನ್ನೇ ಕಟ್ಟಿಹಾಕಿದಂತೆ. "ಆಮೇಲೆ ಹೇಳುತ್ತೇವೆ" ಎಂದು ಸುಮ್ಮನಾಗಿಸುವುದೂ ಸಲ್ಲದು. ಏನಾಗುತ್ತಿದೆ ಎಂದು ತಿಳಿಯದೆ ಕುಳಿತವರ ಭಯ ಎಲ್ಲರಿಗಿಂತ ದೊಡ್ಡದು.

ಮೊದಲೇ ಆಗಬೇಕಾದ ಕೆಲಸ

ರಾತ್ರಿ ಮಲಗುವಾಗ ಶ್ರವಣಯಂತ್ರ ತೆಗೆದಿಡುತ್ತಾರೆ. ಆಗ ಬಾಗಿಲ ಗಂಟೆಯೂ ಕೇಳಿಸದು, ಬೆಂಕಿಯ ಸೈರನ್ ಕೂಡ ಕೇಳಿಸದು. ಮಿನುಗುವ ದೀಪದ ಗಂಟೆ, ದಿಂಬಿನಡಿ ಅದುರುವ ಅಲಾರಂ ಇಂಥವರಿಗೆಂದೇ ಇವೆ. ಯಂತ್ರ, ಹೆಚ್ಚುವರಿ ಬ್ಯಾಟರಿ, ಪುಟ್ಟ ನೋಟ್‌ಬುಕ್, ಪೆನ್ನು, ಟಾರ್ಚ್‌ಗಳನ್ನು ನೀರು ತಾಗದ ಚೀಲದಲ್ಲಿ ಹಾಸಿಗೆಯ ಬಳಿಯೇ ಇಡಬೇಕು. "ನನಗೆ ಕಿವಿ ಕೇಳಿಸದು, ದಯವಿಟ್ಟು ಬರೆದು ತೋರಿಸಿ" ಎಂಬ ಚೀಟಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಜೇಬಿನಲ್ಲಿರಲಿ. ನೆರೆಮನೆಯವರ ಬಳಿ ಒಂದು ಬೀಗದ ಕೈ ಇದ್ದರೆ ಒಳ್ಳೆಯದು. ಮೊಬೈಲ್ ಬಳಸುವವರು ತುರ್ತು ಸಂಖ್ಯೆ 112ರ ಆ್ಯಪನ್ನು ಹಾಕಿಸಿಕೊಂಡಿದ್ದರೆ ಮಾತಿಲ್ಲದೆಯೂ ನೆರವು ಕೇಳಬಹುದು.

ಕಾನೂನು ಕೂಡ ಇವರ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮು ವಿಪತ್ತಿನ ವೇಳೆ ಇವರಿಗೆ ಸಮಾನ ರಕ್ಷಣೆ ಸಿಗಬೇಕೆನ್ನುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇವರ ವಿವರಗಳನ್ನು ಇಟ್ಟುಕೊಂಡು ಅಪಾಯದ ಸೂಚನೆ ತಲುಪಿಸಬೇಕೆಂದೂ ಹೇಳುತ್ತದೆ. ಆದರೆ ಬೆಂಕಿ ಹತ್ತಿದ ಮೊದಲ ಹತ್ತು ನಿಮಿಷ ಬಾಗಿಲಿಗೆ ಬರುವುದು ಪ್ರಾಧಿಕಾರವಲ್ಲ, ಪಕ್ಕದ ಮನೆಯವರು.

ಇಲ್ಲಿಯೇ ನಮ್ಮ ಸಂಘ-ಸಂಸ್ಥೆಗಳ ಪಾತ್ರವಿರುವುದು. ಸದಸ್ಯರ ಮನೆಗಳಲ್ಲಿ ಕಿವಿ ಕೇಳದವರು ಯಾರಿದ್ದಾರೆ ಎಂಬ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಮಹಿಳಾ ವಿಭಾಗ ಸಿದ್ಧಪಡಿಸಲಿ. ಆಯಾ ಪರಿಸರದ ಇಬ್ಬರು ಯುವಕರಿಗೆ ಒಂದೊಂದು ಮನೆಯ ಹೊಣೆ ವಹಿಸಲಿ. ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಶ್ರವಣದೋಷದ ಕ್ಷೇತ್ರದಲ್ಲೇ ದುಡಿಯುತ್ತಿದೆ. ಸಂಜ್ಞಾ ಭಾಷೆ ಕಲಿಯಬಯಸುವ ಯುವ ವಿಭಾಗದವರು ಅಲ್ಲಿ ವಿಚಾರಿಸಬಹುದು. ಸಂಘದ ಸಭೆಗಳಿಗೆ ಕಿವಿ ಕೇಳದ ಸದಸ್ಯರನ್ನೂ ಕರೆದು, ತಮಗೆ ಹೇಗೆ ಹೇಳಿದರೆ ಅನುಕೂಲ ಎಂದು ಅವರನ್ನೇ ಕೇಳೋಣ. ಮಳೆಗಾಲಕ್ಕೆ ಮುನ್ನ ನಡೆಯುವ ಒಂದು ಸಭೆಯಲ್ಲಿ ಇದಕ್ಕಾಗಿ ಅರ್ಧ ಗಂಟೆ ಮೀಸಲಿಟ್ಟರೂ ಸಾಕು.