ಸೇನೆಯ ಹಳೆಯ ಪಿಸ್ತೂಲು-ಒರೆಗಳು: ತಿದ್ದುಪಾಟಿನ ಗುರುತುಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಲ್ಯಾಣದ ಬಳಿ ಸೇನೆಯ ವಿಶಾಲವಾದ ತಂಗುಶಿಬಿರವಿದ್ದಿತು. ದೇಶವಿಭಜನೆಯ ತರುವಾಯ ಸಿಂಧಿನಿಂದ ಬಂದ ನಿರಾಶ್ರಿತರಿಗೆ ಅದೇ ಆಸರೆಯಾಗಿ, 1949ರಲ್ಲಿ ಉಲ್ಹಾಸನಗರವೆಂಬ ಹೆಸರನ್ನು ಪಡೆಯಿತು. ಶಿಬಿರಗಳು ಕರಗಿದರೂ ಸೇನೆಯ ಸಾಮಾನುಗಳು ಕರಗುವುದಿಲ್ಲ. ಅವು ಗುಜರಿಗೂ ಮನೆಗಳಿಗೂ ಹಂಚಿಹೋಗುತ್ತವೆ. ಐರೋಲಿ, ಡೊಂಬಿವಲಿ, ಠಾಣೆಗಳಲ್ಲಿ ನೆಲೆಸಿದ ಕನ್ನಡ ಮನೆಯೊಂದರ ಹಳೆಯ ಪೆಟ್ಟಿಗೆಯಿಂದ ತೊಗಲಿನ ಪಿಸ್ತೂಲು-ಒರೆ ಹೊರಬಂದರೆ, ಅದು ಅಜ್ಜನವರು ಯುದ್ಧದಲ್ಲಿ ಧರಿಸಿದ್ದೆಂಬ ಮಾತು ಒಡನೆಯೇ ಹುಟ್ಟುತ್ತದೆ. ಆ ಮಾತು ನಿಜವಿರಬಹುದು. ಅಜ್ಜನವರು ಅದನ್ನು ಮುಂದೆ ಗುಜರಿಯಲ್ಲಿ ಕೊಂಡದ್ದೂ ಇರಬಹುದು. ಬಾಯಿಮಾತಿನ ಚರಿತ್ರೆಯನ್ನು ಒರೆಗೆ ಹಚ್ಚಿ ನೋಡಲು ತೊಗಲಿನಲ್ಲಿಯೇ ಸಾಕ್ಷ್ಯವಿದೆ.

ಬ್ರಿಟಿಷ್ ಭಾರತದ ಸೇನಾಧಿಕಾರಿಗಳ ಒರೆಯು ಸಾಮಾನ್ಯವಾಗಿ ಸ್ಯಾಮ್ ಬ್ರೌನ್ ನಡುಪಟ್ಟಿಗೆ ಸೇರಿದ್ದಾಗಿತ್ತು. 1858ರ ಕಾಳಗದಲ್ಲಿ ಎಡಗೈಯನ್ನು ಕಳೆದುಕೊಂಡ ಅಧಿಕಾರಿಯೊಬ್ಬನ ಹೆಸರು ಅದಕ್ಕೆ ಅಂಟಿಕೊಂಡಿದೆ. ಒರೆಯೊಳಗೆ ಇರುತ್ತಿದ್ದ ಆಯುಧ ಮಾತ್ರ ಕಾಲಕಾಲಕ್ಕೆ ಬದಲಾಯಿತು. 1915ರಲ್ಲಿ ಸ್ವೀಕೃತವಾದ ವೆಬ್ಲಿ ಆರನೆಯ ಮಾದರಿಯ ರಿವಾಲ್ವರಿನ ನಳಿಗೆ ಆರು ಅಂಗುಲ. 1932ರ ಎನ್‌ಫೀಲ್ಡಿನದು ಐದು ಅಂಗುಲ. ಹಳೆಯ ಒರೆಯ ತುದಿಯನ್ನು ಕತ್ತರಿಸಿ ಹೊಸ ಆಯುಧಕ್ಕೆ ಹೊಂದಿಸಬೇಕೆನಿಸುವುದಕ್ಕೆ ಈ ಒಂದು ಅಂಗುಲದ ಅಂತರವೇ ಸಾಕು. ಆದುದರಿಂದ ತಿದ್ದಿದ ಒರೆಯೆಲ್ಲವೂ ಖೋಟಾ ಎಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಯಾರು, ಯಾವಾಗ, ಯಾತಕ್ಕೆ ತಿದ್ದಿದರೆಂಬುದೇ ಮುಖ್ಯ ಪ್ರಶ್ನೆ.

ಮೊದಲು ಅಂಚನ್ನು ನೋಡತಕ್ಕದ್ದು. ಮೂಲದ ಅಂಚು ಉಜ್ಜಿ ನಯಗೊಳಿಸಿದ್ದಾಗಿದ್ದು, ಬಳಕೆಯಿಂದ ಕಪ್ಪಗಾಗಿರುತ್ತದೆ. ಈಚೆಗೆ ಕತ್ತರಿಸಿದ ಅಂಚು ಒಳಗಡೆ ತಿಳಿಬಣ್ಣವನ್ನು ತೋರುತ್ತದೆ, ಇಲ್ಲವೇ ಅದನ್ನು ಮುಚ್ಚಲು ಬಳಿದ ಬಣ್ಣವನ್ನು ತೋರುತ್ತದೆ. ದಾರವಿಲ್ಲದ ಹೊಲಿಗೆರಂಧ್ರಗಳ ಸಾಲು ಕಂಡರೆ ಅಲ್ಲಿ ಹಿಂದೆ ಏನೋ ಇದ್ದಿತು: ಮುಚ್ಚಳದ ಪಟ್ಟಿಯೋ, ತೋಟಾ ಚೀಲವೋ, ನಡುಪಟ್ಟಿ ತೂರುವ ಕುಣಿಕೆಯೋ. ಹೊಸ ಹೊಲಿಗೆಯ ದಾರ ಮೇಣ ಹಚ್ಚಿದ ನಾರಿನದಾದರೆ ಏನನ್ನೂ ಖಚಿತವಾಗಿ ಹೇಳಲಾಗದು. ನೈಲಾನಿನದಾದರೆ ಆ ಕೈಗೆಲಸ ಮೊದಲನೆಯ ಮಹಾಯುದ್ಧದ್ದಾಗಿರಲು ಸಾಧ್ಯವೇ ಇಲ್ಲ, ಏಕೆಂದರೆ ನೈಲಾನು ಲೋಕಕ್ಕೆ ಪ್ರಕಟವಾದದ್ದು 1938ರಲ್ಲಿ.

ಅಳಲೆ, ಜಾಲಿ, ತಂಗಡಿಗಳ ಒಗರಿನಿಂದ ಹದಗೊಂಡ ತೊಗಲಿಗೆ ಒದ್ದೆಯಾದ ಕಬ್ಬಿಣ ತಗುಲಿದರೆ ಕಪ್ಪು ಕಲೆ ಹತ್ತುತ್ತದೆ. ಹಿತ್ತಾಳೆಯ ಗುಂಡಿಯ ಸುತ್ತ ಹಸುರು ಕಿಲುಬು ಕೂಡುತ್ತದೆ. ಲೋಹ ಈಗಿರುವುದು ಒಂದೆಡೆ, ಕಲೆ ಇನ್ನೊಂದೆಡೆ ಎಂದಾದರೆ ಬಕಲು ಸ್ಥಳ ಬದಲಿಸಿದೆ. ತೇಪೆಯ ಅಂಚು ನೀಲಿಬೂದಾಗಿದ್ದರೆ ಅದು ಕ್ರೋಮ್ ಹದದ ತೊಗಲಾಗಿರುವ ಸಂಭವ ಹೆಚ್ಚು. (ಈ ಹದವನ್ನು ಮದರಾಸಿನಲ್ಲಿ ಬೇರೂರಿಸಲು ಶ್ರಮಿಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರೆಂಬುದನ್ನು ಕನ್ನಡಿಗರು ನೆನೆಯಬಹುದು.)

ಮುದ್ರೆಗಳ ಸಾಕ್ಷ್ಯ ಇನ್ನೂ ಬಲವಾದುದು. ಮೂರು ಗೆರೆಗಳ ಬಾಣ ಬ್ರಿಟಿಷ್ ಸರಕಾರದ ಸೊತ್ತಿನ ಚಿಹ್ನೆ. ಅದರೊಡನೆ ರೋಮನ್ ಲಿಪಿಯ ‘ಐ’ ಅಕ್ಷರವಿದ್ದರೆ ಭಾರತದ್ದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ವಸ್ತುವನ್ನು ಸೇನೆಯಿಂದ ಕಳಚಿ ಮಾರಲಾಯಿತೆಂದರ್ಥ. ಕತ್ತರಿಯು ಈ ಮಾರಾಟದ ಮುದ್ರೆಯನ್ನೇ ತುಂಡರಿಸಿದ್ದರೆ, ತಿದ್ದುಪಾಟು ಸೇನೆಯಲ್ಲಿ ನಡೆದದ್ದಲ್ಲ, ಮಾರಾಟವಾದ ಬಳಿಕ ನಡೆದದ್ದು. ಬರಿಯ ಇಲಾಖೆಯ ಮುದ್ರೆ ತುಂಡಾಗಿದ್ದರೆ ಇಷ್ಟು ಧೈರ್ಯವಾಗಿ ಹೇಳಲು ಬಾರದು.

ಕೊನೆಗೆ ಒರೆಯ ಒಳಭಾಗ. ರಿವಾಲ್ವರಿನ ಉರುಳೆ ವರ್ಷಗಳ ಕಾಲ ಒತ್ತಿದ ಕಡೆ ತೊಗಲು ಉಬ್ಬುತ್ತದೆ. ನಳಿಗೆಯ ತುದಿ ತಳವನ್ನು ಸವೆಯಿಸಿ ಬಳೆಯಾಕಾರದ ಗುರುತನ್ನು ಬಿಡುತ್ತದೆ. ತುಂಡರಿಸಿದ ಒರೆಯ ಹೊಸ ತಳದಲ್ಲಿಯೂ ಆ ಬಳೆ ಮೂಡಿದ್ದರೆ, ತಿದ್ದಿದ ಮೇಲೂ ಅದು ಬಹುಕಾಲ ಆಯುಧವನ್ನು ಹೊತ್ತಿದೆ. ತಳ ನುಣುಪಾಗಿ, ಮೇಲಿನ ಉಬ್ಬು ಮಾತ್ರ ಹಳೆಯದಾಗಿದ್ದರೆ ಅನುಮಾನಕ್ಕೆ ಎಡೆಯುಂಟು: ಅದು ತೋಟದ ಕತ್ತರಿಗೆ ಚೀಲವಾಗಿದ್ದಿರಬಹುದು, ಅಂಗಡಿಯವನ ಕೈಚಳಕವೂ ಇರಬಹುದು.

ಇಂತಹ ಒರೆ ದೊರೆತವರು ಮೊದಲು ಎಣ್ಣೆ ಹಚ್ಚಿ ಮಿರುಗಿಸಲು ಹೊರಡುವುದುಂಟು. ಎಣ್ಣೆ ತೊಗಲನ್ನು ಕಪ್ಪಾಗಿಸಿ ಅಂಚಿನ ಬಣ್ಣಭೇದವನ್ನು ಅಳಿಸುತ್ತದೆ. ಸಾಬೂನಿನ ನೀರು ಶಾಯಿಯ ಮುದ್ರೆಯನ್ನು ತೊಳೆದುಬಿಡುತ್ತದೆ. ಮೋಚಿಯ ಬಳಿಗೆ ಒಯ್ದು ಬಿಚ್ಚಿದ ಹೊಲಿಗೆಯನ್ನು ಹಾಕಿಸುವುದಕ್ಕೆ ಮುನ್ನ ಒಳಹೊರಗಿನ ಛಾಯಾಚಿತ್ರಗಳನ್ನು ತೆಗೆದು, ಮನೆಯ ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬೇರೆ ಹಾಳೆಯಲ್ಲಿ ಬರೆದಿಡಬೇಕು.